ಟೀವಿ ಅಂಗಡಿಯ ಮಾತುಗಾರರು: ಮಿಕ್ಸಿ ರಿಪೇರಿಯವನ ಮಾರ್ಕ್ಸ್ ಕಾರ್ಡು

ದಾವಣಗೆರೆಯ ಮಂಡಿಪೇಟೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ನನ್ನ ಮಿಕ್ಸಿ ರಿಪೇರಿ ಅಂಗಡಿ ಇದೆ. ಎಂಟಡಿ ಅಗಲ, ಹನ್ನೆರಡಡಿ ಉದ್ದ. ಹಿಂದೆಯೇ ಮನೆ. ಗಿರಾಕಿಗಳಿಗೆ ಕಾಯುವಾಗ ಬೇಜಾರಾಗಬಾರದು ಅಂತ ಗೋಡೆಗೆ ಒಂದು ಹಳೇ ಟೀವಿ ಹಾಕಿದ್ದೇನೆ. ಮೊದಲು ನ್ಯೂಸ್ ಹಾಕುತ್ತಿದ್ದೆ. ಒಂದು ಚುನಾವಣೆ ಸಮಯದಲ್ಲಿ ಇಬ್ಬರು ಗಿರಾಕಿಗಳು ಕೈಯಲ್ಲಿ ಜಾರ್ ಹಿಡಿದುಕೊಂಡೇ ಜಗಳಕ್ಕೆ ನಿಂತರು. ಆಮೇಲೆ ಸೀರಿಯಲ್ ಹಾಕಿದೆ. ಮಿಕ್ಸಿ ರೆಡಿ ಆದರೂ ಹೆಂಗಸರು ಬೆಂಚು ಬಿಟ್ಟು ಏಳಲಿಲ್ಲ. ಕ್ರಿಕೆಟ್ ಹಾಕಿದರೆ ನನ್ನ ಕೈಯೇ ಓಡುವುದಿಲ್ಲ. ಕೊನೆಗೆ ಸಾಮಾನು ಮಾರುವ ಚಾನೆಲ್ ಹಾಕಿಬಿಟ್ಟೆ. ಇದನ್ನು ಯಾರೂ ನೋಡುವುದಿಲ್ಲ, ನೆಮ್ಮದಿ ಅಂದುಕೊಂಡಿದ್ದೆ.

ಎಲ್ಲರೂ ನೋಡಿದರು. ನೋಡಿ ಸುಮ್ಮನಿರಲೂ ಇಲ್ಲ. ಮಾರುವ ಸಾಮಾನಿನ ಬಗ್ಗೆ ಮಾತು ಕಡಿಮೆ. ಮಾರುವವರ ಬಗ್ಗೆಯೇ ಜಾಸ್ತಿ. ಇವಳು ಬಾಳ ಬೊಗಳೆ, ಅವನು ನಂಬಿಗಸ್ತ, ಈಕೆ ನಮ್ಮ ಕಡೆಯವಳ ಹಂಗೆ ಮಾತಾಡ್ತಾಳೆ, ಆತನ ಕೋಟು ನೋಡ್ರಿ ಬ್ಯಾಂಡ್ ಸೆಟ್ಟಿನವನ ಕೋಟು. ಐದಾರು ವರ್ಷದಿಂದ ದಿನಾ ಇದನ್ನೇ ಕೇಳುತ್ತಿದ್ದೇನೆ. ಹಾಗಾಗಿ ಇವರಿಗೆಲ್ಲ ಒಂದು ಮಾರ್ಕ್ಸ್ ಕಾರ್ಡು ಬರೆಯುವ ಹಕ್ಕು ನನಗೂ ಬಂದಿದೆ ಅಂದುಕೊಂಡಿದ್ದೇನೆ. ಇವರು ಮಾರಿದ ಮಿಕ್ಸಿಗಳು ಕೊನೆಗೆ ಬರುವುದು ನನ್ನ ಟೇಬಲ್ಲಿಗೇ ಅಲ್ವಾ.

ಇವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಶುರುವಿನಲ್ಲಿ ಒಂದು ಸಲ ಹೇಳುತ್ತಾರೆ. ಅಷ್ಟು ಹೊತ್ತಿಗೆ ಯಾರೋ ಜಾರ್ ತಂದು ಟೇಬಲ್ ಮೇಲೆ ಕುಕ್ಕಿರುತ್ತಾರೆ. ಹಾಗಾಗಿ ನಾವೇ ಇಟ್ಟ ಹೆಸರುಗಳು ನಡೆಯುತ್ತಿವೆ.

ಮೊದಲನೆಯವನು ಗಡಿಯಾರ. ಮೂವತ್ತೈದರ ಆಸುಪಾಸಿನ ಮನುಷ್ಯ. ಅವನ ಪಕ್ಕದಲ್ಲಿ ಯಾವಾಗಲೂ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. "ಇನ್ನು ಹದಿನೈದೇ ಪೀಸ್! ಹದಿನಾಲ್ಕು! ಈಗಲೇ ಫೋನ್ ಎತ್ತಿ!" ನನ್ನ ಅಕ್ಕನ ಮಗ ಡಿಪ್ಲೊಮಾ ಓದುವ ಹುಡುಗ. ರಜೆಯಲ್ಲಿ ಅಂಗಡಿಗೆ ಬಂದು ಕೂರುತ್ತಾನೆ. ಒಂದು ಮಧ್ಯಾಹ್ನ ಸುಮ್ನೆ ಕೂತು ಲೆಕ್ಕ ಇಟ್ಟ. 12 ಗಂಟೆಗೆ ಹದಿನೈದು ಪೀಸ್ ಉಳಿದಿತ್ತು. ಎರಡೂವರೆಗೂ ಹದಿನೈದು ಪೀಸ್. ನಾಲ್ಕು ಗಂಟೆಗೂ ಅಷ್ಟೇ. "ಮಾಮಾ, ಇದು ಅಕ್ಷಯ ಪಾತ್ರೆ ಇದ್ದಂಗೈತಿ" ಅಂದ. ಹಳೇ ರೆಕಾರ್ಡಿಂಗನ್ನೇ ತಿರುಗಿಸಿ ಹಾಕುತ್ತಾರೆ, ಅಷ್ಟೇ.

ನಾನು ಇವನಿಗೆ ಹತ್ತಕ್ಕೆ ಮೂರು ಕೊಡುತ್ತೇನೆ. ಆದರೆ ಎಪಿಎಂಸಿ ಕಡೆ ಗುಮಾಸ್ತನಾಗಿದ್ದ ಒಬ್ಬ ಹಿರಿಯರು ಬರುತ್ತಾರೆ, ಅವರದು ಹತ್ತಕ್ಕೆ ಒಂಬತ್ತು. ಅವರ ಮನೆಯ ಮಿಕ್ಸಿ ಚೆನ್ನಾಗಿಯೇ ಇದೆ, ಬರುವುದು ಇವನನ್ನು ನೋಡೋಕೆ. "ಗಂಟಲು ನೋಡಪಾ. ಸವಾಲು ಕೂಗೋ ಗಂಟಲು ಅದು. ನಾವು ಮೆಕ್ಕೆಜೋಳದ ರಾಶಿ ಮುಂದೆ ನಿಂತು ಹಿಂಗೇ ಕೂಗ್ತಿದ್ವಿ. ಈಗ ಎಲ್ಲಾ ಕಂಪ್ಯೂಟರ್ ಟೆಂಡರು. ಬಟನ್ ಒತ್ತತಾರೆ, ರೇಟು ಬರ್ತತಿ. ಕೂಗೋರೇ ಇಲ್ಲ. ಇವನೊಬ್ಬ ಉಳಿದಾನೆ" ಅನ್ನುತ್ತಾರೆ. ಅವನು ಹೇಳುವುದು ಸುಳ್ಳು ಅಂತ ಅವರಿಗೂ ಗೊತ್ತು. ಅದು ಅವರಿಗೆ ಲೆಕ್ಕಕ್ಕಿಲ್ಲ. ಸವಾಲಿನಲ್ಲಿ ಯಾರು ನಿಜ ಹೇಳಿದ್ದರು ಅನ್ನುತ್ತಾರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಮೂರು ಮಾರ್ಕ್ಸ್ ಮಾತ್ರ ಬದಲಾಗುವುದಿಲ್ಲ.

ಎರಡನೆಯವಳು ಅಯ್ಯೋ ಅಕ್ಕ. ಬೆಲೆ ಕೇಳಿದ ಕೂಡಲೇ ಎದೆ ಮೇಲೆ ಕೈ ಇಟ್ಟುಕೊಂಡು "ಅಯ್ಯೋ! ಇಷ್ಟು ಕಮ್ಮಿನಾ!" ಅನ್ನುತ್ತಾಳೆ. ಅವಳೇ ಮಾರುವವಳು, ಅವಳಿಗೇ ಬೆಲೆ ಗೊತ್ತಿಲ್ಲ. ಇವಳ ಮಾತು ಕನ್ನಡ, ತುಟಿ ಹಿಂದಿ. ತುಟಿ "ಸಿರ್ಫ್" ಅನ್ನುತ್ತದೆ, ಕಿವಿಗೆ "ಕೇವಲ" ಬೀಳುತ್ತದೆ. ಪಾಪ, ದನಿ ಕೊಟ್ಟ ಹುಡುಗಿ ಯಾರೋ, ಎಲ್ಲಿ ಕೂತು ಓದಿದ್ದಾಳೋ. ಆ ತುಟಿಗೆ ಹೊಂದಿಸಬೇಕು ಅಂತ ಕೊನೆಯ ಪದಗಳನ್ನು ಗುಳುಂ ಅಂತ ನುಂಗುತ್ತಾಳೆ. ಫೋನ್ ನಂಬರಿನ ಕೊನೆಯ ಎರಡು ಅಂಕಿ ನುಂಗಿದ್ದೂ ಇದೆ.

ಇವಳನ್ನು ಕಂಡರೆ ಆಗದವರು ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವರು. ವಿದ್ಯಾನಗರದಿಂದ ಬರುತ್ತಾರೆ. ಅವರ ಜಗಳ ಅ ಮತ್ತು ಹ ಬಗ್ಗೆ ಅಲ್ಲ. ಅದನ್ನು ಅವರು ಕ್ಷಮಿಸುತ್ತಾರೆ. ಜಗಳ ಏನಿದ್ದರೂ ವಾಕ್ಯದ ಬಗ್ಗೆ. "ಈ ಅದ್ಭುತ ಉತ್ಪನ್ನವನ್ನು ಇಂದೇ ನಿಮ್ಮದಾಗಿಸಿಕೊಳ್ಳಿ ಅಂತಾಳಲ್ಲೋ. ಯಾರ ಮನೇಲಿ ಮಿಕ್ಸೀನ ನಿಮ್ಮದಾಗಿಸಿಕೊಳ್ತಾರೆ? ತಗೊಳ್ತಾರೆ. ತಗೊಳ್ಳಿ ಅನ್ನೋಕೆ ಏನು ದೊಡ್ಡ ರೋಗ?" ಅಂತ ಟೀವಿಗೆ ಬೈಯುತ್ತಾರೆ. ಆದರೂ ಇವಳ ಕಾರ್ಯಕ್ರಮ ಬಂದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ತಪ್ಪು ಹುಡುಕುವುದು ಅವರ ಹಳೇ ಕಸುಬು. ಪೇಪರ್ ತಿದ್ದದೆ ಎಷ್ಟು ವರ್ಷ ಆಯಿತೋ ಏನೋ.

ಒಂದು ದೊಡ್ಡ ತಪ್ಪು ಹಿಡಿದವರೂ ಮೇಷ್ಟ್ರೇ. ಸೊಂಟಕ್ಕೆ ಕಟ್ಟುವ ಬೆಲ್ಟ್ ಒಂದನ್ನು ಅಯ್ಯೋ ಅಕ್ಕ ಮಾರುತ್ತಿದ್ದಳು. ಹೊಟ್ಟೆ ಕರಗುತ್ತದಂತೆ. ಕೆಳಗಡೆ ಇರುವೆ ಸಾಲಿನ ಹಾಗೆ ಇಂಗ್ಲಿಷಿನಲ್ಲಿ ಏನೋ ಬಂತು, ಮೂರು ಸೆಕೆಂಡಿಗೆ ಮಾಯ. ಮೇಷ್ಟ್ರು ಎದ್ದು ನಿಂತರು. ದಾರಿ ತಪ್ಪಿಸುವ ಜಾಹೀರಾತು ತಡೆಯೋಕೆ 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿ ಇದೆಯೋ, ಕೆಳಗಿನ ಸಣ್ಣಕ್ಷರದ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು, ಓದಲು ಬರುವ ಹಾಗಿರಬೇಕು ಅಂತ ಅದರಲ್ಲಿದೆ. "ಹೊಗಳೋದು ಕನ್ನಡದಲ್ಲಿ, ತಪ್ಪಿಸಿಕೊಳ್ಳೋದು ಇಂಗ್ಲಿಷಲ್ಲಿ" ಅಂದರು ಮೇಷ್ಟ್ರು. ಇಷ್ಟು ದಿನ ಅವರದು ವ್ಯಾಕರಣದ ಕಿರಿಕಿರಿ ಅಂದುಕೊಂಡಿದ್ದೆ. ಅವತ್ತಿಂದ ಅವರ ಚಹಾಕ್ಕೆ ನಾನು ಲೆಕ್ಕ ಬರೆಯುವುದಿಲ್ಲ.

ಇವಳದೇ ಇನ್ನೊಂದು ಐಟಂ ನಾನ್‌ಸ್ಟಿಕ್ ತವಾ. "ಒಂದೇ ಒಂದು ಹನಿ ಎಣ್ಣೆ ಬೇಡ, ಬೆಣ್ಣೆ ಬೇಡ, ದೋಸೆ ತಾನಾಗಿಯೇ ಜಾರುತ್ತೆ" ಅಂದಳು. ದಾವಣಗೆರೆಯಲ್ಲಿ ಈ ಮಾತು! ಅಂಗಡಿಯಲ್ಲಿ ಆಗ ನಾಲ್ಕು ಜನ ಇದ್ದರು. ಯಾರೂ ಏನೂ ಅನ್ನಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎದುರಿನ ಟೈರ್ ಅಂಗಡಿಯವನು, "ಹಂಗಾದ್ರೆ ತಿನ್ನೋದ್ಯಾಕೆ?" ಅಂದ. ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಕಬ್ಬಿಣದ ಹಂಚಿನ ಮೇಲೆ ಬೆಣ್ಣೆ ಹಾಕುವ ಕೈ ನೋಡಿ ಬೆಳೆದವರು ನಾವು. ನಮಗೆ ಈ ತವಾ ಮಾರಬೇಕಾದರೆ ಬೇರೆ ಏನಾದರೂ ಹೇಳಬೇಕಿತ್ತು. ಉತ್ತರದವರ ಮಾತನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಆಗುವುದು ಇದೇ. ಅಯ್ಯೋ ಅಕ್ಕನಿಗೆ ನಾಲ್ಕು ಮಾರ್ಕ್ಸ್. ಅದೂ ನಗಿಸಿದ್ದಕ್ಕೆ.

ಮೂರನೆಯವಳು ಸೀರೆ ಮೇಡಂ. ನನಗೆ ಸೀರೆ ಗೊತ್ತಾಗುವುದಿಲ್ಲ. ಇಲ್ಲಿ ಮಾರ್ಕ್ಸ್ ಕೊಡುವವರು ನನ್ನ ಹೆಂಡತಿ ಮತ್ತು ಪಕ್ಕದ ಮನೆಯ ಟೈಲರ್ ಅಕ್ಕ. ಇಬ್ಬರೂ ಮಧ್ಯಾಹ್ನ ಊಟ ಆದ ಮೇಲೆ ಅಂಗಡಿಯ ಒಳಬಾಗಿಲಲ್ಲಿ ಕೂತು ನೋಡುತ್ತಾರೆ. ಹೆಂಡತಿಯ ಪ್ರಕಾರ ಈಕೆ ಅಪ್ಪಟ. ಸೆರಗನ್ನು ತಿರುವಿ ಹಿಂಭಾಗ ತೋರಿಸುತ್ತಾಳೆ. ಎಳೆಗಳು ಜೋತು ಬಿದ್ದಿದ್ದರೆ ಅದೂ ಕಾಣುತ್ತದೆ. "ಸ್ಟುಡಿಯೋ ಲೈಟಿಗೆ ಬಣ್ಣ ಸ್ವಲ್ಪ ಬೇರೆ ಕಾಣಬಹುದು" ಅಂತ ತಾನೇ ಹೇಳುತ್ತಾಳೆ. ಬ್ಲೌಸ್ ಪೀಸ್ ಎಷ್ಟು ಸೆಂಟಿಮೀಟರ್ ಅಂತ ಹೇಳುತ್ತಾಳೆ. ದಪ್ಪ ಇರುವವರಿಗೆ ಸಾಲುವುದಿಲ್ಲ ಅಂತಲೂ ಒಂದು ದಿನ ಹೇಳಿದಳಂತೆ. ಅವತ್ತು ನನ್ನ ಹೆಂಡತಿ ಈಕೆಗೆ ಹತ್ತಕ್ಕೆ ಹತ್ತು ಕೊಟ್ಟಳು.

ಟೈಲರ್ ಅಕ್ಕ ಒಪ್ಪುವುದಿಲ್ಲ. ಅವಳ ತಕರಾರು ಒಂದೇ ಪದದ್ದು. ಆರ್ಟ್ ಸಿಲ್ಕ್. "ಆರ್ಟ್ ಅಂದ್ರೆ ಏನು ಅಂತ ತಿಳ್ಕೊಂಡಿದೀಯಾ? ಕಲೆ ಅಲ್ಲ ಕಣವ್ವಾ, ಆರ್ಟಿಫಿಷಿಯಲ್. ಅದನ್ನ ಪೂರ್ತಿ ಹೇಳೋಕೆ ಆಕೆ ಬಾಯಿಗೆ ಏನಾಗೇತಿ?" ಅನ್ನುತ್ತಾಳೆ. ಒಂದು ಸಲ ಗಿರಾಕಿಯೊಬ್ಬಳು ಟೀವಿಯಲ್ಲಿ ತರಿಸಿದ ಸೀರೆಯನ್ನು ರೇಷ್ಮೆ ಅಂತಲೇ ನಂಬಿ ಕುಚ್ಚು ಕಟ್ಟಿಸಲು ತಂದಿದ್ದಳು. ಟೈಲರ್ ಅಕ್ಕ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಗೀರಿದಳು. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದು ಕರಗಿ ಗಟ್ಟಿ ಮಣಿಯಾಯಿತು. ಆ ಮಣಿಯನ್ನು ಟೈಲರ್ ಅಕ್ಕ ಇನ್ನೂ ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದಾಳೆ, ಸಾಕ್ಷಿಗೆ. ನಿಜವಾದ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ಇರುತ್ತದೆ, ಅದನ್ನು ಸೀರೆ ಮೇಡಂ ಯಾವತ್ತಾದರೂ ಕ್ಯಾಮೆರಾಕ್ಕೆ ಹಿಡಿದಿದ್ದಾಳಾ ಅನ್ನುವುದು ಅವಳ ಪ್ರಶ್ನೆ. ಹೆಂಡತಿಯ ಉತ್ತರ: "ಎಂಟುನೂರು ರೂಪಾಯಿಗೆ ರೇಷ್ಮೆ ಬರ್ತದಾ? ಕೊಳ್ಳೋರಿಗೆ ಬುದ್ಧಿ ಬೇಡವಾ?" ಇದು ಮುಗಿಯದ ಜಗಳ. ಇಬ್ಬರ ಮಾರ್ಕ್ಸ್ ಸೇರಿಸಿ ಎರಡರಿಂದ ಭಾಗಿಸಿ ಏಳು ಅಂತ ಬರೆದುಕೊಂಡಿದ್ದೇನೆ.

ಇಲ್ಲಿ ಒಂದು ಮಾತು. ನಮ್ಮ ಗಂಡಸು ಗಿರಾಕಿಗಳು ಗಡಿಯಾರನ ಗಂಟಲಿನ ಬಗ್ಗೆ ಮಾತಾಡುತ್ತಾರೆ. ಹೆಂಗಸು ಬಂದರೆ ಅವಳ ಬಣ್ಣ, ಮೈ, ಕೂದಲು. ಸೀರೆ ಮೇಡಂ ಮುದುಕಿಯಾದಳು ಅಂತ ಒಬ್ಬ ಅಂದ. ಅವನ ತಲೆಯಲ್ಲಿ ಕೂದಲೇ ಇಲ್ಲ. ನನ್ನ ಹೆಂಡತಿ ಒಳಗಿನಿಂದಲೇ "ನಿಮ್ಮ ಮಿಕ್ಸಿ ಆಗೇತಿ, ಹೊರಡ್ರಿ" ಅಂದಳು. ಮಿಕ್ಸಿ ಆಗಿರಲಿಲ್ಲ.

ರಾತ್ರಿ ಹೊತ್ತು ಯಂತ್ರ, ತಾಯಿತ ಮಾರುವ ಒಬ್ಬ ಬರುತ್ತಾನೆ. ಅವನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅವ್ವ ಒಂದೇ ಸಾಲಿನಲ್ಲಿ ಮುಗಿಸಿದ್ದಾಳೆ: "ದುಗ್ಗಮ್ಮನ್ನ ಡಬ್ಬೀಲಿ ಹಾಕಿ ಕೊರಿಯರ್‌ನಾಗೆ ಕಳಿಸ್ತಾನಂತ?" ಸೊನ್ನೆ.

ಇನ್ನು ನನ್ನ ಮನೆಯ ಮರ್ಯಾದೆಯ ವಿಷಯ. ಮಿಕ್ಸಿ ರಿಪೇರಿಯವನ ಮನೆಗೇ ಟೀವಿಯವರ ಮಿಕ್ಸಿ ಬಂತು. ನಾನು ಹರಿಹರಕ್ಕೆ ಸ್ಪೇರ್ ಕೊಡಲು ಹೋಗಿದ್ದ ದಿನ ಹೆಂಡತಿ ಫೋನ್ ಮಾಡಿಬಿಟ್ಟಿದ್ದಳು. ಗಡಿಯಾರನ ಕೈಚಳಕ. "ಏಳುನೂರೈವತ್ತು ವ್ಯಾಟ್ ಶಕ್ತಿ, ನಾಲ್ಕು ಜಾರ್, ಜೊತೆಗೆ ಚಾಪರ್ ಉಚಿತ, 6,999ರ ಸೆಟ್ಟು ಕೇವಲ 1,999ಕ್ಕೆ." ಮನೆ ಬಾಗಿಲಲ್ಲಿ ದುಡ್ಡು ಕೊಟ್ಟು ಇಳಿಸಿಕೊಂಡಳು. ನನಗೆ ಹೇಳಿದ್ದು ಮೂರು ದಿನ ಆದ ಮೇಲೆ, ಅದೂ ಸುಟ್ಟ ವಾಸನೆ ಬಂದ ಮೇಲೆ.

ತಿರುವಿ ನೋಡಿದೆ. ತಳದ ಚೀಟಿಯಲ್ಲಿ 450 ವ್ಯಾಟ್ ಅಂತಿತ್ತು. ಬಿಚ್ಚಿದೆ. ಮೋಟರಿನ ಒಳಗೆ ಸುತ್ತಿರುವ ಫೀಲ್ಡ್ ಕಾಯಿಲಿನ ತಂತಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದೆ. ಮೇಲಿನ ಬಣ್ಣ ತಾಮ್ರದ್ದೇ. ಕೆರೆದರೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ. ತಾಮ್ರದ ಹಾಗೆ ಕಾಣಲಿ ಅಂತ ವಾರ್ನಿಷ್ ಬಣ್ಣ. ಅಲ್ಯೂಮಿನಿಯಂ ತಂತಿ ಕಂಡರೆ ನಾನು ಬೈಯುವವನಲ್ಲ. ಬೆಲೆ ಕಡಿಮೆ, ಅದಕ್ಕೆ ತಕ್ಕ ಕೆಲಸ ಮಾಡುತ್ತದೆ. ಆದರೆ ತಾಮ್ರಕ್ಕಿಂತ ಬೇಗ ಬಿಸಿಯಾಗುತ್ತದೆ. ನಮ್ಮಲ್ಲಿ ವಾರಕ್ಕೆ ಎರಡು ಸಲ ಶೇಂಗಾ ಚಟ್ನಿಪುಡಿ ಆಗಬೇಕು, ದೋಸೆ ಹಿಟ್ಟು ಬೇರೆ. ಅಂಥ ಮನೆಗೆ ಅದು ಸಾಲದು.

ವಾಪಸ್ ಕಳಿಸುವ ಕಥೆ ಉದ್ದ ಇದೆ, ಚಿಕ್ಕದು ಮಾಡುತ್ತೇನೆ. ಕಾಲ್ ಸೆಂಟರಿನ ಹುಡುಗನಿಗೆ ದಾವಣಗೆರೆ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಲ್ಯಾಂಡ್‌ಮಾರ್ಕ್ ಹೇಳಿ ಅಂದ. ಗಡಿಯಾರ ಕಂಬ ಅಂದೆ. ನಮ್ಮ ಊರಿನದು, ಟೀವಿಯವನದಲ್ಲ. ಮೂರು ಸಲ ಬರುತ್ತೇವೆ ಅಂದು ಬರಲಿಲ್ಲ. ಕೊನೆಗೆ ಅಕ್ಕನ ಮಗ 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದ. ತಳದ ಚೀಟಿಯ ಫೋಟೋ, ಬಿಲ್ಲಿನ ಫೋಟೋ ಎರಡೂ ಕಳಿಸಿದ. ಹತ್ತೊಂಬತ್ತನೇ ದಿನ ದುಡ್ಡು ಬಂತು. ಚಾಪರ್ ಮಾತ್ರ ಅವರು ಕೇಳಲಿಲ್ಲ, ನಾವೂ ಕೊಡಲಿಲ್ಲ. ಈರುಳ್ಳಿಗೆ ಅಡ್ಡಿಯಿಲ್ಲ.

ಆಮೇಲೆ ಅಂಗಡಿಯಲ್ಲಿ ದೊಡ್ಡ ಚರ್ಚೆ. ತಪ್ಪು ಯಾರದು? ಕಂಪನಿಯದಾ, ಗಡಿಯಾರನದಾ? ಹೆಂಡತಿ ಅವನ ಪರ. "ಅವನ ಕಿವೀಲಿ ಯಾರೋ ಹೇಳ್ತಿರ್ತಾರೆ, ಅವನು ಓದ್ತಾನೆ. ಸಂಬಳದ ಮನುಷ್ಯ." ಗುಮಾಸ್ತರೂ ಅದೇ ಮಾತು. ನನಗೆ ಒಪ್ಪಿಗೆ ಇಲ್ಲ. ಕೈಯಲ್ಲಿ ಮಿಕ್ಸಿ ಹಿಡಿದುಕೊಂಡಿದ್ದಾನೆ. ಒಂದು ಸಲ ತಿರುವಿ ತಳ ನೋಡೋಕೆ ಎಷ್ಟು ಹೊತ್ತು? ನಾನು ಯಾರದಾದರೂ ಮೋಟರಿಗೆ ಹಳೇ ಕಾರ್ಬನ್ ಬ್ರಷ್ ಹಾಕಿ ಹೊಸದು ಅಂದರೆ, ಮಾಲೀಕ ಹೇಳಿದ ಅಂತ ತಪ್ಪಿಸಿಕೊಳ್ಳೋಕೆ ಆಗುತ್ತಾ? ನನ್ನ ಅಂಗಡಿಗೆ ನಾನೇ ಮಾಲೀಕ, ಆ ಮಾತು ಬೇರೆ.

ಅವತ್ತಿನಿಂದ ಇವರನ್ನು ಅಳೆಯೋಕೆ ನನ್ನದೇ ಒಂದು ಅಳತೆ ಮಾಡಿಕೊಂಡೆ. ಮಿಕ್ಸಿ ಓಡುವಾಗ ಇವರು ಸುಮ್ಮನಿರುತ್ತಾರಾ?

ಸ್ವಲ್ಪ ವಿವರಿಸಬೇಕು. ಮಿಕ್ಸಿಯನ್ನು ನಾನು ಕಣ್ಣಿನಿಂದ ನೋಡುವುದು ಆಮೇಲೆ, ಮೊದಲು ಕಿವಿ. ಒಳಗಿರುವುದು ಯೂನಿವರ್ಸಲ್ ಮೋಟರ್. ಖಾಲಿ ಓಡುವಾಗ ನಿಮಿಷಕ್ಕೆ 18,000 ಸುತ್ತಿನ ಹತ್ತಿರ ಹೋಗುತ್ತದೆ, ಸದ್ದು ಸೀಟಿಯ ಹಾಗೆ ತೆಳ್ಳಗೆ. ಜಾರಿನಲ್ಲಿ ಸಾಮಾನು ಇದ್ದರೆ ವೇಗ ಇಳಿದು ಸದ್ದು ದಪ್ಪ ಆಗುತ್ತದೆ. ಒಳ್ಳೆ ಮೋಟರ್ ಆದರೆ ಸಾಮಾನು ಒಡೆಯುತ್ತಿದ್ದ ಹಾಗೆ ಸದ್ದು ಮತ್ತೆ ಮೇಲಕ್ಕೆ ಏರುತ್ತದೆ. ಸೋತ ಮೋಟರ್ ಕೆಳಗೇ ಗೊರಗೊರ ಅನ್ನುತ್ತಾ ಉಳಿಯುತ್ತದೆ. ಕಾರ್ಬನ್ ಬ್ರಷ್ ಸರಿಯಾಗಿ ಕೂತಿಲ್ಲದಿದ್ದರೆ ಚರಚರ ಅನ್ನುತ್ತದೆ. ಜಾರಿನ ಬುಶ್ ಸಡಿಲ ಇದ್ದರೆ ಗಲಗಲ. ಹತ್ತು ಸೆಕೆಂಡ್ ಕೇಳಿದರೆ ಸಾಕು, ಅರ್ಧ ಜಾತಕ ಹೇಳುತ್ತೇನೆ.

ಟೀವಿಯವರು ಆ ಹತ್ತು ಸೆಕೆಂಡ್ ಕೊಡುವುದಿಲ್ಲ. ಸ್ವಿಚ್ ತಿರುಗಿಸಿದ ಕೂಡಲೇ ಡಂ ಡಂ ಅಂತ ಮ್ಯೂಸಿಕ್. ಅದರ ಮೇಲೆ ಗಡಿಯಾರನ ಕೂಗು. ಅದರ ಮೇಲೆ ಅಯ್ಯೋ ಅಕ್ಕನ ಅಯ್ಯೋ. ಮೋಟರ್ ಸದ್ದೇ ಇಲ್ಲ. ಹಾಕುವ ಸಾಮಾನಾದರೂ ಏನು? ಕ್ಯಾರೆಟ್, ಟೊಮೆಟೊ, ಮೆತ್ತಗಿನ ಹಣ್ಣು. ಒಣ ಅರಿಶಿನದ ಕೊಂಬು ಹಾಕಿದರೆ ಐದು ಸೆಕೆಂಡಿಗೆ ಚಿತ್ರ ಕತ್ತರಿಸಿ, ನುಣ್ಣಗಿನ ಪುಡಿಯ ಬಟ್ಟಲು ತೋರಿಸುತ್ತಾರೆ. ಆ ಪುಡಿ ಯಾವ ಅಂಗಡಿಯದೋ.

ಇಷ್ಟು ಜನರ ಮಧ್ಯೆ ಒಬ್ಬಳೇ ಒಬ್ಬಳು ಸುಮ್ಮನಿರುತ್ತಿದ್ದಳು. ಅವಳಿಗೆ ನಾವಿಟ್ಟ ಹೆಸರೇ ಸುಮ್ನಿರೋ ಹುಡುಗಿ. ಅವ್ವ ಮಾತ್ರ "ನಮ್ಮ ಹುಡುಗಿ" ಅನ್ನುತ್ತಾಳೆ. ಇಪ್ಪತ್ತೆಂಟು ಮೂವತ್ತು ಇರಬಹುದು. ಕಾಟನ್ ಚೂಡಿದಾರ್, ಕಿವಿಯಲ್ಲಿ ಸಣ್ಣ ಓಲೆ. ತುಟಿಯೂ ಕನ್ನಡ, ಮಾತೂ ಕನ್ನಡ. ಮಿಕ್ಸಿ ತೋರಿಸುವಾಗ ಜಾರಿಗೆ ಒಣಕೊಬ್ಬರಿ ಹಾಕಿ, ಮುಚ್ಚಳದ ಮೇಲೆ ಕೈ ಇಟ್ಟು, ಸ್ವಿಚ್ ತಿರುಗಿಸಿ ನಿಂತುಬಿಡುತ್ತಿದ್ದಳು. ಮಾತಿಲ್ಲ. ಮ್ಯೂಸಿಕ್ ಹೇಗೆ ನಿಲ್ಲಿಸಿದ್ದಳೋ, ಅದೂ ಇರುತ್ತಿರಲಿಲ್ಲ. ಬರೀ ಮೋಟರ್. ನಾನು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಕಪ್ಲರ್ ಕೆಳಗಿಟ್ಟು ತಲೆ ಎತ್ತಿದೆ. ಸದ್ದು ಇಳಿಯಿತು, ತಡವರಿಸಿತು, ಏರಿತು. ಸಾಧಾರಣ ಮೋಟರ್. ಆದರೆ ಸಾಧಾರಣ ಅಂತ ನನಗೆ ಗೊತ್ತಾಯಿತಲ್ಲ!

ಆಮೇಲೆ ಅವಳು ಅಂದಳು: "ಕೊಬ್ಬರಿ ಸಣ್ಣಗೆ ಹೆಚ್ಚಿ ಹಾಕಿ. ದೊಡ್ಡ ತುಂಡು ಹಾಕಿದರೆ ಇದು ನಿಂತುಹೋಗುತ್ತೆ. ನಿಂತರೆ ಗಾಬರಿ ಬೇಡ. ತಳದಲ್ಲಿ ಕೆಂಪು ಬಟನ್ ಇದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಅದನ್ನು ಒತ್ತಿ."

ಈ ಮಾತು ಎಷ್ಟು ದೊಡ್ಡದು ಅಂತ ನನ್ನ ಕಸುಬಿನವರಿಗೆ ಮಾತ್ರ ಗೊತ್ತು. ಅದು ಓವರ್‌ಲೋಡ್ ಸ್ವಿಚ್. ಮೋಟರಿಗೆ ಭಾರ ಜಾಸ್ತಿಯಾದರೆ ಸುಟ್ಟು ಹೋಗುವ ಮೊದಲು ಅದು ಕರೆಂಟ್ ಕಡಿದು ಕಾಪಾಡುತ್ತದೆ. ಮಿಕ್ಸಿ ಸತ್ತೇಹೋಯಿತು ಅಂತ ಆಟೋ ಮಾಡಿಕೊಂಡು ನಿಟುವಳ್ಳಿಯಿಂದ ಬರುತ್ತಾರೆ. ನಾನು ತಿರುವಿ ಬಟನ್ ಒತ್ತುತ್ತೇನೆ. ಮಿಕ್ಸಿ ಎದ್ದು ಕೂರುತ್ತದೆ. ಗುರುತಿನವರಾದರೆ ಸುಮ್ನೆ ಕಳಿಸುತ್ತೇನೆ, ಇಲ್ಲದಿದ್ದರೆ ಇಪ್ಪತ್ತು ರೂಪಾಯಿ. ಈ ಗುಟ್ಟನ್ನು ಆ ಹುಡುಗಿ ಊರಿಗೆಲ್ಲ ಹೇಳಿಬಿಟ್ಟಳು. ನನಗೆ ನಷ್ಟ. ಆದರೂ ಹತ್ತಕ್ಕೆ ಒಂಬತ್ತು. ಒಂದು ಮಾರ್ಕು ಕಡಿದದ್ದು ಎಂಆರ್‌ಪಿ ಬಗ್ಗೆ. ಆ ವಿಷಯದಲ್ಲಿ ಇವಳೂ ಉಳಿದವರ ಹಾಗೇ ದೊಡ್ಡ ಅಂಕಿ ತೋರಿಸಿ ಅಡ್ಡಗೆರೆ ಎಳೆಯುತ್ತಿದ್ದಳು.

ಅವ್ವನಿಗೆ ಮೋಟರೂ ಬೇಡ, ಬಟನ್ನೂ ಬೇಡ. ಅವಳಿಗೆ 76. ಕಣ್ಣಿನ ಪೊರೆ ತೆಗೆಸಿದ್ದೇವೆ, ಕಿವಿ ಸ್ವಲ್ಪ ಮಂದ. ಸೊಸೆ, ಮೊಮ್ಮಕ್ಕಳು, ನಾನು, ಎಲ್ಲರೂ ಗಡಿಬಿಡಿಯಲ್ಲಿ ಮಾತಾಡುತ್ತೇವಂತೆ. ಈ ಹುಡುಗಿಯೊಬ್ಬಳೇ ನಿಧಾನ. ಒಂದು ವಾಕ್ಯ ಹೇಳಿ ನಿಲ್ಲಿಸುತ್ತಾಳೆ. ಆ ಜಾಗದಲ್ಲಿ ಅವ್ವ ಉತ್ತರ ಹೇಳುತ್ತಾಳೆ. "ಇದರಲ್ಲಿ ರಾಗಿ ಹಿಟ್ಟು ಕೂಡ ಮಾಡಬಹುದು." "ಯಾಕವ್ವಾ, ಗಿರಣಿ ಐತಲ್ಲ." "ತೊಳೆಯೋದು ಸುಲಭ." "ನೀನು ತೊಳೀತೀಯೇನು?" ಹೀಗೆ. ಅರ್ಧ ಗಂಟೆ ನಡೆಯುವ ಮಾತುಕತೆ ಇದು. ನಾವು ಯಾರೂ ಅವ್ವನ ಜೊತೆ ದಿನಕ್ಕೆ ಅಷ್ಟು ಹೊತ್ತು ಕೂರುವುದಿಲ್ಲ. ಬರೆಯುವಾಗ ನಾಚಿಕೆ ಆಗುತ್ತದೆ, ಇರಲಿ.

ಅವಳನ್ನು ಕಂಡರೆ ಆಗದವರೂ ಇದ್ದರು. ಗುಮಾಸ್ತರಿಗೆ ನಿದ್ದೆ ಬರುತ್ತಿತ್ತು. ಟೈರ್ ಅಂಗಡಿಯವನು "ಮಾರೋಕೆ ಬಂದಾಳೋ, ಬ್ಯಾಡ ಅನ್ನೋಕೆ ಬಂದಾಳೋ" ಅಂದ. ಹೆಂಡತಿಯದು ಇನ್ನೂ ಖಡಕ್: "ಆಕೀನ ಎಲ್ಲರೂ ನೋಡ್ತಾರೆ, ಯಾರೂ ಫೋನ್ ಮಾಡಲ್ಲ. ನೀವು ಮಾಡಿದ್ರಾ?" ಇಲ್ಲ. ನಾನೂ ಮಾಡಿಲ್ಲ. ನನಗೆ ಇಷ್ಟವಾದವಳಿಂದ ನಾನು ಒಂದು ಚಮಚವನ್ನೂ ಕೊಂಡಿಲ್ಲ. ಮನೆಗೆ ಸಾಮಾನು ಬಂದದ್ದು ಗಡಿಯಾರನಿಂದ.

ಅಕ್ಕನ ಮಗ ಮೊಬೈಲಿನಲ್ಲಿ ಈ ದಂಧೆಯ ಹುಟ್ಟು ಓದಿ ಹೇಳಿದ. 1977, ಅಮೆರಿಕದ ಫ್ಲಾರಿಡಾ. ಕ್ಲಿಯರ್‌ವಾಟರ್ ಅಂತ ಊರು. ಅಲ್ಲಿನ ಒಂದು ಸಣ್ಣ ರೇಡಿಯೋ ಸ್ಟೇಷನ್ನಿಗೆ ಜಾಹೀರಾತು ಕೊಟ್ಟ ವ್ಯಾಪಾರಿ ದುಡ್ಡು ಕೊಡಲಾರದೆ, ಬದಲಿಗೆ ಡಬ್ಬಿ ಮುಚ್ಚಳ ತೆಗೆಯುವ 112 ಕರೆಂಟ್ ಯಂತ್ರ ಕೊಟ್ಟ. ಬಣ್ಣ ಬೆಣ್ಣೆಹಣ್ಣಿನ ಹಸಿರು. ಬಾಬ್ ಸರ್ಕೋಸ್ಟಾ ಅನ್ನುವ ಮಾತುಗಾರ ಅದನ್ನು ರೇಡಿಯೋದಲ್ಲೇ ಮಾರಿದ. ಒಂದಕ್ಕೆ 9 ಡಾಲರ್ 95 ಸೆಂಟ್. ಎಲ್ಲಾ ಖಾಲಿ. ಅಲ್ಲಿಂದ ಮುಂದೆ ಹೋಮ್ ಶಾಪಿಂಗ್ ನೆಟ್‌ವರ್ಕ್ ಅನ್ನುವ ಮಾರುವ ಚಾನೆಲ್ ಬಂತು. 1986ರಲ್ಲಿ ಕ್ಯೂವಿಸಿ ಅಂತ ಅಲ್ಲಿನದೇ ಇನ್ನೊಂದು ಚಾನೆಲ್ ಬಂತು. ನಮ್ಮ ದೇಶದಲ್ಲಿ ಇಡೀ ದಿನ ಮಾರುವ ಚಾನೆಲ್ ಆಗಿ ಹೋಮ್‌ಶಾಪ್18 ಶುರುವಾದದ್ದು 2008ರಲ್ಲಿ. ಬಾಕಿ ದುಡ್ಡಿಗೆ ಬದಲು ಸಾಮಾನು ಎತ್ತಿಕೊಂಡು ಬರುವುದು ನಮ್ಮ ಮಂಡಿಪೇಟೆಗೇನು ಹೊಸದಲ್ಲ, ನನಗೂ ಒಬ್ಬ ರಿಪೇರಿ ದುಡ್ಡಿಗೆ ಬದಲು ಎರಡು ಸೇರು ಮಂಡಕ್ಕಿ ಕೊಟ್ಟಿದ್ದಾನೆ. ಆದರೆ ನನಗೆ ಹಿಡಿಸಿದ್ದು ಬೇರೆ. ಅದು ರೇಡಿಯೋ. ಸಾಮಾನು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಬರೀ ಕಿವಿ. ಆ 112 ಜನ ಕಿವಿ ನಂಬಿ ಕೊಂಡರು. ಆ ಮನುಷ್ಯ ಯಂತ್ರವನ್ನು ಒಂದು ಸಲ ಓಡಿಸಿ ಕೇಳಿಸಿದ್ದನಾ ಅಂತ ಅಕ್ಕನ ಮಗನನ್ನು ಕೇಳಿದೆ. "ಮಾಮಾ, ನಿನಗೆ ಅದೊಂದೇ" ಅಂದ.

ಕ್ಯೂವಿಸಿಯಲ್ಲಿ ನೋಡುವವರು ಫೋನ್ ಮಾಡಿ ಆ್ಯಂಕರ್ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇದೆಯಂತೆ. ಅದನ್ನು ಕೇಳಿಸಿಕೊಂಡ ಅವ್ವ ಏನೂ ಅನ್ನಲಿಲ್ಲ. ಆದರೆ ತಲೆಯಲ್ಲಿ ಇಟ್ಟುಕೊಂಡಿದ್ದಳು ಅಂತ ಕಾಣುತ್ತದೆ.

ಯುಗಾದಿ ಆದ ಮೇಲೆ ಸುಮ್ನಿರೋ ಹುಡುಗಿ ಬರುವುದು ನಿಂತಿತು. ಒಂದು ವಾರ ಹಳೇ ರೆಕಾರ್ಡಿಂಗ್ ಬಂತು, ಆಮೇಲೆ ಅದೂ ಇಲ್ಲ. ಅವಳ ಹೊತ್ತಿನಲ್ಲಿ ಈಗ ಗಡಿಯಾರನೇ ಎರಡನೇ ಪಾಳಿ ಮಾಡುತ್ತಾನೆ. ಗುಮಾಸ್ತರಿಗೆ ಖುಷಿ. ಮದುವೆಯಾಗಿರಬೇಕು ಅಂತ ಟೈಲರ್ ಅಕ್ಕ. ಕೆಲಸದಿಂದ ತೆಗೆದಿರಬೇಕು ಅಂತ ಹೆಂಡತಿ. ಬೇರೆ ಚಾನೆಲ್ಲಿಗೆ ಹೋಗಿರಬೇಕು ಅಂತ ನಾನು ಎಲ್ಲಾ ಚಾನೆಲ್ ತಿರುಗಿಸಿ ನೋಡಿದೆ. ಸಿಗಲಿಲ್ಲ.

ಹೋದ ಮಂಗಳವಾರ ಮಧ್ಯಾಹ್ನ ನಾನು ಒಂದು ಆರ್ಮೇಚರ್ ಬಿಚ್ಚುತ್ತಾ ಕೂತಿದ್ದೆ. ಒಳಗಿನಿಂದ ಅವ್ವನ ದನಿ ಕೇಳಿಸಿತು. ಯಾರ ಜೊತೆಯೋ ಜೋರಾಗಿ ಮಾತಾಡುತ್ತಿದ್ದಳು. ಹೋಗಿ ನೋಡಿದರೆ ಮೊಮ್ಮಗಳ ಕೈಯಲ್ಲಿ ನಂಬರ್ ಒತ್ತಿಸಿಕೊಂಡು, ಟೀವಿಯವರ ಕಾಲ್ ಸೆಂಟರಿಗೇ ಫೋನ್ ಮಾಡಿದ್ದಾಳೆ. "ಅಲ್ಲಪಾ, ಮಿಕ್ಸಿ ಬ್ಯಾಡ. ಆ ಹುಡುಗಿ ಎಲ್ಲಿ ಹೋದಳು ಅಂತ ಹೇಳು ಸಾಕು. ಸಣ್ಣ ಓಲೆ ಹಾಕ್ತಾಳಲ್ಲ, ಕೊಬ್ಬರಿ ಹಾಕಿ ಸುಮ್ನೆ ನಿಂದರ್ತಾಳಲ್ಲ, ಆಕಿ." ಆ ಕಡೆಯ ಹುಡುಗ ಪಾಪ, ಮರ್ಯಾದೆಯಿಂದಲೇ ಮಾತಾಡಿದ. ಸ್ಪೀಕರ್‌ನಲ್ಲಿ ನನಗೂ ಕೇಳಿಸಿತು. "ಸರಿ ಅಮ್ಮ, ಹುಡುಕಿ ಹೇಳ್ತೀನಿ. ಪ್ರಾಡಕ್ಟ್ ಕೋಡ್ ಹೇಳಿ."

ಅವ್ವ ಫೋನಿಗೆ ಅಡ್ಡ ಕೈ ಹಿಡಿದು ನನ್ನ ಕಡೆ ತಿರುಗಿದಳು.

"ಆಕಿ ಕೋಡು ಎಷ್ಟಂತಪಾ?"